ಇರಂ ಮಂಜಿಲ್: ಯಾರ ಮನೆ, ಯಾರ ಪರಂಪರೆ?

ಹೈದರಾಬಾದಿನಲ್ಲಿರುವ ನಮ್ಮವರಿಗೆ ಎರ್ರಮಂಜಿಲ್ ಎಂದರೆ ಒಂದು ಮೆಟ್ರೊ ಸ್ಟೇಷನ್. ಮಿಯಾಪುರದ ಕಡೆಯಿಂದ ಬರುವಾಗ ಪಂಜಗುಟ್ಟ ಆದ ಮೇಲೆ, ಖೈರತಾಬಾದಿಗೆ ಮೊದಲು. ಪಕ್ಕದಲ್ಲೇ ಮಾಲು, ಸುತ್ತ ಸರಕಾರಿ ದಫ್ತರುಗಳು. ಆ ಹೆಸರಿನ ಮನೆ ದಿಬ್ಬದ ಮೇಲೆ ಇನ್ನೂ ನಿಂತಿದೆ ಎನ್ನುವುದು ಇಲ್ಲಿ ಹತ್ತು ವರ್ಷ ದುಡಿದವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. 2019ರಲ್ಲಿ ಆ ಮನೆಯನ್ನು ಕೆಡವಿ ಅಲ್ಲಿ ಹೊಸ ವಿಧಾನಸಭೆ ಕಟ್ಟಲು ತೆಲಂಗಾಣ ಸರಕಾರ ಹೊರಟಿತು, ಹೈಕೋರ್ಟು ತಡೆಯಿತು. ಆ ನಾಲ್ಕಾರು ತಿಂಗಳು ಪತ್ರಿಕೆಗಳಲ್ಲಿ ಅದರ ಬಗ್ಗೆ ಬರಹಗಳ ಸುಗ್ಗಿ. ಸಿಕ್ಕಷ್ಟನ್ನು ನಾನು ಓದಿದೆ. ಮನೆ ಉಳಿಯಬೇಕು ಎನ್ನುವ ಮಾತಿಗೆ ನನ್ನ ಒಪ್ಪಿಗೆ ಇದೆ. ಯಾಕೆ ಉಳಿಯಬೇಕು ಎಂದು ಕೊಟ್ಟ ಕಾರಣಗಳಲ್ಲಿ ಬಹುಪಾಲು ಮಾತ್ರ ನನಗೆ ಗಟ್ಟಿಯಾಗಿ ಕಾಣಲಿಲ್ಲ. ಈ ಬರಹ ಆ ಕಾರಣಗಳ ಜೊತೆ ನನ್ನ ತಕರಾರು.

ಮೊದಲು ಸಂಗತಿ. ಇದು ನವಾಬ ಫಖ್ರುಲ್ ಮುಲ್ಕ್ ಕಟ್ಟಿಸಿದ ಬಂಗಲೆ. ನಿಜಾಮನ ದರಬಾರಿನ ದೊಡ್ಡ ಉಮರಾವುಗಳಲ್ಲಿ ಅವನೊಬ್ಬ, ಸರಕಾರದಲ್ಲಿ ಮಂತ್ರಿಯೂ ಆಗಿದ್ದವನು. ಮನೆ 1870ರ ಸುಮಾರಿನದು ಎಂದು ಬರೆಯುವ ವಾಡಿಕೆ. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿ ಆಳುತ್ತಿದ್ದ ಕಾಲ ಅದು. ಇಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ 1869ರಲ್ಲಿ ಎಳೆಯ ಮಗುವಾಗಿದ್ದಾಗಲೇ ಗಾದಿಗೆ ಬಂದಿದ್ದ, ರಾಜ್ಯಭಾರ ಮೊದಲನೆಯ ಸಾಲಾರ್ ಜಂಗನ ಕೈಯಲ್ಲಿತ್ತು. ನೂರಕ್ಕೂ ಹೆಚ್ಚು ಕೋಣೆ, ಎತ್ತರದ ಕಂಬಗಳು, ಕಮಾನಿನ ಕಿಟಕಿಗಳು, ಗೋಡೆಯ ತುಂಬ ಗಾರೆಯಲ್ಲಿ ಮೂಡಿಸಿದ ಬಳ್ಳಿ-ಹೂವಿನ ಕೆಲಸ. ಯುರೋಪಿನ ಬರೋಕ್ ಶೈಲಿಯನ್ನೂ ಇಲ್ಲಿಯ ಕಮಾನಿನ ರೂಢಿಯನ್ನೂ ಬೆರೆಸಿ ಕಟ್ಟಿದ್ದು. ನಿಜಾಮನ ರಾಜ್ಯ ಹೋದ ಮೇಲೆ ಕಟ್ಟಡ ಸರಕಾರದ ಕೈಗೆ ಬಂತು. ಕಾಗದಪತ್ರ ಇಡುವ ಉಗ್ರಾಣವಾಯಿತು, ಆಮೇಲೆ ಇಂಜಿನಿಯರುಗಳ ಕಚೇರಿಯಾಯಿತು.

ಇನ್ನು ಕಾರಣಗಳು. ಪತ್ರಿಕೆಯ ಬರಹಗಳು ಹೆಚ್ಚು ಕಡಿಮೆ ಒಂದೇ ಅಚ್ಚಿನವು. ಎಷ್ಟು ಕೋಣೆ, ಫ್ರಾನ್ಸಿನ ಯಾವ ಲೂಯಿಯ ಕಾಲದ ಮೇಜು ಕುರ್ಚಿ, ಗಾಲ್ಫ್ ಆಡಲು ಎಷ್ಟು ಜಾಗ, ಪೋಲೊ ಮೈದಾನ ಎಲ್ಲಿತ್ತು, ಯಾವ ಔತಣಕ್ಕೆ ಯಾರು ಬಂದಿದ್ದರು. ಓದಲು ಸೊಗಸಾಗಿರುತ್ತವೆ. ಆದರೆ ಇದು ಹರಾಜಿನ ಪಟ್ಟಿಯ ಧಾಟಿ. ಆ ಪೀಠೋಪಕರಣ ಈಗಿಲ್ಲ, ಗಾಲ್ಫ್ ಮೈದಾನದ ಮೇಲೆ ಕಾಲೊನಿಗಳು ಬಂದಿವೆ, ಔತಣಕ್ಕೆ ಬಂದವರು ಗೋರಿ ಸೇರಿ ತಲೆಮಾರುಗಳಾದವು. ಮನೆಯ ಬೆಲೆ ಆ ವೈಭವದಲ್ಲೇ ಇತ್ತು ಎಂದು ನಾವೇ ವಾದಿಸಿದರೆ, ವೈಭವ ಹೋದ ಮೇಲೆ ಬೆಲೆಯೂ ಹೋಯಿತು ಎಂದು ಎದುರಾಳಿ ಹೇಳುವುದು ಸುಲಭ. ಹಾಗೆಯೇ ಹೇಳಿದರು ಕೂಡ: ಶಿಥಿಲವಾಗಿದೆ, ಅಪಾಯ ಇದೆ, ಕೆಡವುವುದೇ ಲೇಸು. ವೈಭವದ ವಾದ ಕೆಡವುವವರ ಕೈಗೆ ಹಾರೆ ಕೊಟ್ಟಂತೆ.

ನನ್ನ ಮಟ್ಟಿಗೆ ಈ ಮನೆಯಲ್ಲಿ ಮೊದಲು ಗಮನಿಸಬೇಕಾದ್ದು ಅದರ ಶೃಂಗಾರ ಅಲ್ಲ, ಅದು ಮುಖ ಮಾಡಿದ ದಿಕ್ಕು.

ಹೈದರಾಬಾದಿನ ಹಳೆಯ ಊರು ಕೋಟೆಗೋಡೆಯ ಒಳಗಿನದು. ಮೂಸಿ ನದಿಯ ದಕ್ಷಿಣಕ್ಕೆ, ಚಾರ್‌ಮಿನಾರಿನ ಸುತ್ತ. ಉಮರಾವುಗಳು ಅಲ್ಲಿ ಇರುತ್ತಿದ್ದ ಮನೆಗೆ ದೇವಡಿ ಎಂದು ಹೆಸರು. ದೇವಡಿ ನಮ್ಮ ಕಡೆಯ ದೇಸಾಯರ ವಾಡೆಯಂತೆ. ಬೀದಿಗೆ ಕಾಣುವುದು ಎತ್ತರದ ಗೋಡೆ ಮತ್ತು ಒಂದು ದೊಡ್ಡ ಬಾಗಿಲು. ಒಳಗೆ ಹೋದರೆ ಅಂಗಳ, ಅಂಗಳದ ಸುತ್ತ ಪಡಸಾಲೆ, ಅದರಾಚೆ ಇನ್ನೊಂದು ಅಂಗಳ, ಗಂಡಸರ ಕಡೆ ಬೇರೆ, ಹೆಂಗಸರ ಕಡೆ ಬೇರೆ. ಮನೆಯೆಲ್ಲ ತನ್ನ ಅಂಗಳವನ್ನೇ ನೋಡುತ್ತದೆ, ಬೀದಿಗೆ ಬೆನ್ನು ಹಾಕಿರುತ್ತದೆ. ಸಂಪತ್ತು ಎಷ್ಟಿದೆ ಎಂಬುದು ಒಳಗೆ ಕರೆಸಿಕೊಂಡವರಿಗೆ ಮಾತ್ರ ಗೊತ್ತು. ಸುರಪುರದ ಕಡೆಯಾಗಲಿ ಬೀದರಿನ ಕಡೆಯಾಗಲಿ ಹಳೆಯ ವಾಡೆಯ ಅಗಸಿ ದಾಟಿ ಒಳಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇರಂ ಮಂಜಿಲ್ ಇದನ್ನು ತಿರುವುಮುರುವು ಮಾಡುತ್ತದೆ. ಊರ ಗೋಡೆ ದಾಟಿ, ನದಿ ದಾಟಿ, ಖೈರತಾಬಾದಿನ ಆಚೆ, ಆಗ ಬಯಲಾಗಿದ್ದ ಕಡೆ, ಅದೂ ದಿಬ್ಬದ ಮೇಲೆ ನಿಂತಿದೆ. ಸುತ್ತ ಕಾಣುವಂತೆ ಕಿಟಕಿಗಳು, ದೂರದಿಂದ ಕಾಣಲೆಂದೇ ಮಾಡಿದ ಮುಂಭಾಗ. ದೇವಡಿಯ ಒಡೆಯ ಯಾರ ಕಣ್ಣಿಗೂ ಬೀಳದೆ ಬಾಳುವುದನ್ನು ಗೌರವ ಎಂದುಕೊಂಡಿದ್ದರೆ, ಈ ಮನೆಯ ಒಡೆಯ ಕಣ್ಣಿಗೆ ಬೀಳುವುದನ್ನೇ ಗೌರವ ಎಂದುಕೊಂಡ. ಒಂದು ಇಡೀ ವರ್ಗದ ಮನಸ್ಸು ಒಂದೆರಡು ತಲೆಮಾರಿನಲ್ಲಿ ಹೀಗೆ ಹೊರಳಿಕೊಂಡಿದ್ದು ಯಾವ ಫರ್ಮಾನಿನಲ್ಲೂ ಬರೆದಿಟ್ಟಿರುವುದಿಲ್ಲ. ಮನೆಯ ನಕ್ಷೆಯಲ್ಲಿ ಅದು ಓದಲು ಸಿಗುತ್ತದೆ. ಲೂಯಿಯ ಕುರ್ಚಿ ಹೋದರೂ ಇದು ಹೋಗುವುದಿಲ್ಲ. ಗಾರೆ ಉದುರಿದರೂ ಹೋಗುವುದಿಲ್ಲ. ಗೋಡೆ ಬಿದ್ದರೆ ಮಾತ್ರ ಹೋಗುತ್ತದೆ.

ಈ ಹೊರಳು ಒಬ್ಬನ ಶೋಕಿ ಆಗಿರಲಿಲ್ಲ. ಮೂಸಿಯ ಉತ್ತರಕ್ಕೆ ಬ್ರಿಟಿಷ್ ರೆಸಿಡೆಂಟನ ಬಂಗಲೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಎದ್ದಿತ್ತು. ಸಿಕಂದರಾಬಾದಿನ ದಂಡು ಇತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂತು. ಆ ವಾಡಿ ನಮ್ಮ ಕಲಬುರಗಿ ಜಿಲ್ಲೆಯದೇ ಎನ್ನುವುದನ್ನು ಇಲ್ಲಿಯವರಿಗೆ ನಾನು ಆಗಾಗ ನೆನಪಿಸುತ್ತಿರುತ್ತೇನೆ. ಊರಿನ ಭಾರ ನಿಧಾನವಾಗಿ ಉತ್ತರಕ್ಕೆ ಜಾರಿತು. ಬಶೀರ್‌ಬಾಗ್, ಸೈಫಾಬಾದ್, ಬೇಗಂಪೇಟೆಗಳಲ್ಲಿ ಉಮರಾವುಗಳ ಬಂಗಲೆಗಳು ಎದ್ದವು. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಹಳೆಯ ಊರನ್ನು ಮುಳುಗಿಸಿದ ಮೇಲೆ ಉಳಿದವರೂ ಹೊರಗೆ ಹೊರಟರು. ಇವತ್ತು ನಾವು ಕೂಕಟ್‌ಪಲ್ಲಿ, ಕೊಂಡಾಪುರ, ಮಿಯಾಪುರಗಳಲ್ಲಿ ಫ್ಲ್ಯಾಟು ಹಿಡಿದಿರುವ ಈ ವಾಯವ್ಯದ ಹೈದರಾಬಾದು ಬೆಳೆದಿರುವುದು ಆಗ ತೆರೆದ ದಿಕ್ಕಿನಲ್ಲೇ. ಆ ನಡಿಗೆಯ ಮೊದಲ ಹೆಜ್ಜೆಗಳಲ್ಲಿ ಈ ದಿಬ್ಬದ ಮನೆಯೂ ಒಂದು.

ಇಲ್ಲಿ ‘ವಿಕ್ಟೋರಿಯನ್’ ಎಂಬ ಪದದ ಬಗ್ಗೆ ಒಂದು ಮಾತು. ಬೆಂಗಳೂರಿನ ದಂಡಿನ ಪ್ರದೇಶದ ಮಂಕಿ ಟಾಪ್ ಬಂಗಲೆಗಳಿಗೂ ಇದಕ್ಕೂ ಅದೇ ಹಣೆಪಟ್ಟಿ ಅಂಟಿಸುವವರಿದ್ದಾರೆ. ಅಲ್ಲಿ ಕಟ್ಟಿದವರು, ಕಟ್ಟಿಸಿದವರು, ಬಾಡಿಗೆಗೆ ಇದ್ದವರು ಹೆಚ್ಚಾಗಿ ಬ್ರಿಟಿಷ್ ಆಡಳಿತದ ನೆರಳಿನವರು, ಬಡಾವಣೆಯೇ ಅವರದು. ಇಲ್ಲಿ ಕತೆ ಬೇರೆ. ತನ್ನದೇ ಸಿಕ್ಕಾ, ತನ್ನದೇ ಅಂಚೆ, ತನ್ನದೇ ಕೋರ್ಟು ಇದ್ದ ರಾಜ್ಯದಲ್ಲಿ ಒಬ್ಬ ಉಮರಾವು ತಾನಾಗಿ ಆರಿಸಿಕೊಂಡ ರುಚಿ ಇದು. ಹಾಗಾಗಿ ‘ಪರಕೀಯರ ಗುರುತು, ಹೋದರೆ ಹೋಗಲಿ’ ಎನ್ನುವ ವಾದ ಈ ಗೋಡೆಗೆ ತಾಗುವುದಿಲ್ಲ. ಅದೇ ರೀತಿ ‘ನಮ್ಮ ಸಂಸ್ಕೃತಿಯ ಹೆಮ್ಮೆ’ ಎನ್ನುವ ಮಾತೂ ಪೂರ್ತಿ ಒಪ್ಪುವುದಿಲ್ಲ. ಯಜಮಾನನ ಕೋಣೆಯ ಕಂಬ ಗ್ರೀಸಿನ ಕಡೆಯದು, ಅದರ ಮೇಲಿನ ಗಾರೆ ಇಲ್ಲಿಯ ಮೇಸ್ತ್ರಿಯದು. ಈ ಎರಡರ ನಡುವಿನ ಮುಜುಗರವೇ ಮನೆಯ ವ್ಯಕ್ತಿತ್ವ. ಶುದ್ಧ ಶೈಲಿ ಹುಡುಕುವ ಕಣ್ಣಿಗೆ ಇದು ಕಲಬೆರಕೆಯಾಗಿ ಕಾಣಬಹುದು. ಹೈದರಾಬಾದಿ ಉರ್ದುವನ್ನೂ ನಮ್ಮ ಬೀದರಿನ ಕನ್ನಡವನ್ನೂ ಕಲಬೆರಕೆ ಎಂದವರು ಕಡಿಮೆ ಇಲ್ಲ.

ಹೆಸರಿನಲ್ಲೂ ಇದೇ ಆಟ ಇದೆ. ಇರಂ ಎಂದರೆ ಫಾರಸಿ ಕಾವ್ಯದ ಕಲ್ಪನೆಯಲ್ಲಿ ಸ್ವರ್ಗಕ್ಕೆ ಸಮನಾದ ತೋಟ. ತೆಲುಗಿನಲ್ಲಿ ಎರ್ರ ಎಂದರೆ ಕೆಂಪು. ದಿಬ್ಬದ ಕೆಮ್ಮಣ್ಣನ್ನು ನೋಡಿ ಜನ ಎರ್ರ ಎನ್ನುತ್ತಿದ್ದರು, ಅವರ ಬಾಯಿಗೆ ಒಗ್ಗಲೆಂದೇ ನವಾಬ ಇರಂ ಎಂಬ ಹೆಸರು ಆರಿಸಿದ ಎಂದು ಊರಲ್ಲಿ ಒಂದು ಮಾತಿದೆ. ಮಾತು ಎಷ್ಟು ನಿಜವೋ, ಮೆಟ್ರೊದ ಬೋರ್ಡಿನಲ್ಲಂತೂ ಈಗ ತೆಲುಗಿನ ಎರ್ರವೇ ಗೆದ್ದಿದೆ. ಅದರ ಬಗ್ಗೆ ನನಗೆ ದುಃಖವಿಲ್ಲ. ಒಂದು ಹೆಸರನ್ನು ಎರಡು ಭಾಷೆಯವರು ಎರಡು ಅರ್ಥದಲ್ಲಿ ತಮ್ಮದು ಮಾಡಿಕೊಂಡರೆ ಆ ಹೆಸರು ಬದುಕಿದೆ ಎಂದೇ ಲೆಕ್ಕ.

ಈಗ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಈ ಮನೆ ಯಾರ ದುಡ್ಡಿನಲ್ಲಿ ಎದ್ದಿತು?

ನಿಜಾಮನ ರಾಜ್ಯ ಎಂದರೆ ಇಂದಿನ ತೆಲಂಗಾಣ ಮಾತ್ರ ಅಲ್ಲ. ಮರಾಠವಾಡಾ ಅದರಲ್ಲಿತ್ತು. ನಮ್ಮ ಕಲಬುರಗಿ, ಬೀದರ್, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಭೂಮಿಯ ದೊಡ್ಡ ಪಾಲು ಜಹಗೀರುಗಳಲ್ಲಿತ್ತು, ಇನ್ನೊಂದು ಪಾಲು ಸರ್ಫ್‌-ಎ-ಖಾಸ್ ಎಂದು ನಿಜಾಮನ ಸ್ವಂತದ್ದು. ಜಹಗೀರಿನಲ್ಲಿ ಕಂದಾಯ ವಸೂಲಿ ಜಹಗೀರುದಾರನ ಜನರದ್ದು, ರೈತನ ದೂರು ಕೇಳುವವರೂ ಬಹಳ ಕಡೆ ಅವರೇ. 1949ರ ಆಗಸ್ಟಿನಲ್ಲಿ ಕಾನೂನು ಬಂದು ಜಹಗೀರುಗಳು ರದ್ದಾದವು. ನನ್ನ ಸ್ವಂತ ಊರಲ್ಲಿ, ಸೇಡಂ ಕಡೆಯ ಹಳ್ಳಿಯಲ್ಲಿ, ನಮ್ಮ ಹೊಲದ ಹಳೆಯ ಕಾಗದಗಳು ಉರ್ದುವಿನಲ್ಲಿವೆ. ನಮ್ಮ ಮನೆಯಲ್ಲಿ ಅವನ್ನು ಓದಬಲ್ಲವರು ಈಗ ಯಾರೂ ಇಲ್ಲ. ಆದರೂ ಅಜ್ಜಿ ಅವನ್ನು ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಳು, ಅಪ್ಪ ಈಗಲೂ ಇಟ್ಟಿದ್ದಾರೆ. ಇಂಥ ಹಳ್ಳಿಗಳ ಜೋಳ, ಹತ್ತಿ, ತೊಗರಿಯ ಮೇಲಿನ ಕಂದಾಯ ಹರಿದು ಬಂದದ್ದು ಈ ಊರಿಗೇ. ರಾಜಧಾನಿಯ ಬಂಗಲೆಗಳ ಕಂಬ ಎತ್ತರವಾದಷ್ಟೂ ಅದರ ಭಾರ ಎಲ್ಲೋ ದೂರದ ಬಣವೆಯ ಮೇಲೆ ಬಿದ್ದಿರುತ್ತದೆ.

ಹೀಗಿರುವಾಗ, ‘ಇಂಥ ಮನೆಯನ್ನು ನಾವು ಯಾಕೆ ಕಾಯಬೇಕು? ಬೀಳಲಿ, ಜನರ ವಿಧಾನಸಭೆ ಏಳಲಿ’ ಎಂದು ಯಾರಾದರೂ ಕೇಳಿದರೆ ಅವರನ್ನು ಪರಂಪರೆ ಗೊತ್ತಿಲ್ಲದವರು ಎಂದು ತಳ್ಳಿಹಾಕಲಾರೆ. ಪ್ರಶ್ನೆಯಲ್ಲಿ ನ್ಯಾಯದ ಧ್ವನಿ ಇದೆ. ಪರಂಪರೆಯ ಬರಹಗಳು ಈ ಧ್ವನಿಯನ್ನು ಕೇಳಿಸಿಕೊಂಡೇ ಇಲ್ಲ ಎನ್ನುವುದು ಅವುಗಳ ಮೇಲೆ ನನ್ನ ದೊಡ್ಡ ಆಕ್ಷೇಪ. ಔತಣದ ಪಟ್ಟಿ ಬರೆದವರು ಅಡುಗೆಗೆ ಅಕ್ಕಿ ಎಲ್ಲಿಂದ ಬಂತು ಎಂದು ಕೇಳಲಿಲ್ಲ.

ಆದರೆ ಕೆಡವುವುದು ಆ ಪ್ರಶ್ನೆಗೆ ಉತ್ತರ ಆಗುವುದಿಲ್ಲ. ನಮ್ಮ ಹಳ್ಳಿಗಳಿಂದ ಹೋದ ಹಣ ಏನಾಯಿತು ಎನ್ನುವುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಇಂಥ ಮನೆಗಳೇ. ಅಜ್ಜಿಯ ಟ್ರಂಕಿನ ಕಾಗದ ಲೆಕ್ಕದ ಒಂದು ತುದಿಯಾದರೆ ಈ ಕಂಬಗಳು ಇನ್ನೊಂದು ತುದಿ. ಸಾಲ ಕೊಟ್ಟವನು ಸಾಲಪತ್ರ ಹರಿದು ಹಾಕುವುದಿಲ್ಲ. ಬಶೀರ್‌ಬಾಗಿನ ಅರಮನೆ ನೆಲಸಮವಾಯಿತು. ಈಗ ಅದೊಂದು ಬಸ್ ಸ್ಟಾಪಿನ ಹೆಸರು. ಅದನ್ನು ಕೆಡವಿದ್ದರಿಂದ ಯಾವ ರೈತನಿಗೂ ಯಾವ ನ್ಯಾಯವೂ ಸಿಗಲಿಲ್ಲ. ಅಲ್ಲಿ ಏನಿತ್ತು, ಹೇಗೆ ಬಂದಿತ್ತು ಎಂದು ಕೇಳುವ ಅವಕಾಶ ಹೋಯಿತು ಅಷ್ಟೆ. ಮನೆ ನಿಂತಿದ್ದರೆ ಅದನ್ನು ಪ್ರಶ್ನಿಸಬಹುದು. ಬಿದ್ದ ಮನೆಯ ಬಗ್ಗೆ ಉಳಿಯುವುದು ನವಾಬರ ಕುಟುಂಬದ ಆಲ್ಬಮ್ಮು ಮಾತ್ರ, ಅದರಲ್ಲಿ ನಮ್ಮ ಅಜ್ಜಂದಿರ ಫೋಟೊ ಇರುವುದಿಲ್ಲ.

ಇನ್ನೊಂದು ಅಧ್ಯಾಯವನ್ನು ಎಲ್ಲರೂ ಹಾರಿಸಿಬಿಡುತ್ತಾರೆ: ದಫ್ತರಿನ ಅಧ್ಯಾಯ. ನವಾಬನ ಕಾಲ ಮುಗಿದ ಮೇಲಿನ ದಶಕಗಳನ್ನು ಬರಹಗಳು ‘ಅವನತಿ’ ಎಂಬ ಒಂದು ಪದದಲ್ಲಿ ಮುಗಿಸುತ್ತವೆ. ನನಗೆ ಅದು ಒಪ್ಪಿಗೆಯಿಲ್ಲ. ರಸ್ತೆ, ಕಟ್ಟಡ, ನೀರಾವರಿಯ ಇಂಜಿನಿಯರುಗಳು, ಗುಮಾಸ್ತರು, ಜವಾನರು ಈ ಆವರಣದಲ್ಲಿ ಕುಳಿತು ಒಂದು ರಾಜ್ಯದ ಕೆಲಸ ಮಾಡಿದರು. ಒಬ್ಬ ನವಾಬನ ಕುಟುಂಬ ಇದ್ದ ಕಾಲಕ್ಕಿಂತ ಅದು ಕಡಿಮೆ ಬೆಲೆಯದೇನಲ್ಲ. ಒಬ್ಬನ ಮನೆ ಎಲ್ಲರ ಕಚೇರಿಯಾಗಿದ್ದು ನಮ್ಮ ಪ್ರಜಾಪ್ರಭುತ್ವದ ಚರಿತ್ರೆಯ ಭಾಗ. ನಾಳೆ ಯಾರಾದರೂ ಇದನ್ನು ‘ಮೂಲ ಸ್ಥಿತಿಗೆ’ ತರುತ್ತೇವೆ ಎಂದು ಹೊರಟರೆ, ಯಾವ ಮೂಲ ಎಂದು ಕೇಳಬೇಕಾಗುತ್ತದೆ.

ಹಾಗೆಂದು ದಫ್ತರನ್ನು ಹೊಗಳಿ ಸುಮ್ಮನಾಗಲೂ ಆಗದು. ಸರಕಾರಿ ಕಟ್ಟಡಗಳನ್ನು ನೋಡಿಕೊಳ್ಳಬೇಕಾದ ಇಲಾಖೆಯೇ ಒಳಗೆ ಕುಳಿತಿದ್ದ ಕಟ್ಟಡ ಶಿಥಿಲವಾಯಿತು ಎಂದರೆ ನಗಬೇಕೋ ಅಳಬೇಕೋ. ಗಾರೆಯ ಕಟ್ಟಡ ನೀರಿಗೆ ಹೆದರುತ್ತದೆ. ಮಾಳಿಗೆಯ ಮೇಲಿನ ನೀರು ಹೋಗುವ ದಾರಿ ಕಟ್ಟಿಕೊಂಡರೆ, ಬಿರುಕಿನಲ್ಲಿ ಅರಳಿಯ ಸಸಿ ಬೇರು ಬಿಟ್ಟರೆ, ಬಿದ್ದ ಗಾರೆಯ ಜಾಗಕ್ಕೆ ಸಿಮೆಂಟು ಬಳಿದರೆ ಅದರ ಆಯುಸ್ಸು ಇಳಿಯುತ್ತಾ ಹೋಗುತ್ತದೆ. ಸಿಮೆಂಟು ಗಟ್ಟಿ, ಉಸಿರಾಡುವುದಿಲ್ಲ. ಒಳಗಿನ ತೇವ ಹೊರಗೆ ಬರಲಾಗದೆ ಹಳೆಯ ಇಟ್ಟಿಗೆಯನ್ನೇ ತಿನ್ನುತ್ತದೆ. ‘ಶಿಥಿಲವಾಗಿದೆ’ ಎಂಬುದು ಆಕಾಶದಿಂದ ಬಿದ್ದ ಸ್ಥಿತಿ ಅಲ್ಲ. ವರ್ಷ ವರ್ಷವೂ ಮಾಡದೆ ಬಿಟ್ಟ ಸಣ್ಣ ಕೆಲಸಗಳ ಮೊತ್ತ ಅದು. ಆ ಮೊತ್ತವನ್ನೇ ಕೆಡವಲು ಕಾರಣವಾಗಿ ತೋರಿಸುವುದು ವಾದವೇ ಅಲ್ಲ.

ಕಾನೂನಿನ ಕತೆಯೂ ಓದಬೇಕಾದ್ದೇ. ಹೈದರಾಬಾದಿನಲ್ಲಿ ಪಾರಂಪರಿಕ ಕಟ್ಟಡಗಳಿಗೆ ರಕ್ಷಣೆ ಇದ್ದದ್ದು ನಗರಾಭಿವೃದ್ಧಿ ಪ್ರಾಧಿಕಾರದ ವಲಯ ನಿಯಮಗಳ 13ನೆಯ ನಿಯಮದಲ್ಲಿ. ಇರಂ ಮಂಜಿಲ್ ಆ ಪಟ್ಟಿಯಲ್ಲಿತ್ತು. 2015ರಲ್ಲಿ ಸರಕಾರ ಆ ನಿಯಮವನ್ನೇ ತೆಗೆದುಹಾಕಿತು. 2017ರಲ್ಲಿ ಹೊಸ ಹೆರಿಟೇಜ್ ಕಾಯ್ದೆ ಬಂತು. ಹಳೆಯ ನಿಯಮ ಇಲ್ಲ, ಹೊಸ ಕಾಯ್ದೆಯ ರಕ್ಷಣೆಯೊಳಗೆ ಈ ಕಟ್ಟಡ ಬಂದಿಲ್ಲ, ಹಾಗಾಗಿ ಅಡ್ಡಿ ಏನು ಎನ್ನುವುದು ಸರಕಾರದ ನಿಲುವು. 2019ರ ಜೂನಿನಲ್ಲಿ ಸಂಪುಟ ತೀರ್ಮಾನಿಸಿತು, ಅದೇ ತಿಂಗಳು ಶಂಕುಸ್ಥಾಪನೆಯೂ ಆಯಿತು. ನಾಗರಿಕರು, ನವಾಬರ ವಂಶದವರು ಕೋರ್ಟಿಗೆ ಹೋದರು. ಸೆಪ್ಟೆಂಬರ್ 16ರಂದು ಮುಖ್ಯ ನ್ಯಾಯಮೂರ್ತಿ ಆರ್.ಎಸ್. ಚೌಹಾಣ್ ಮತ್ತು ನ್ಯಾಯಮೂರ್ತಿ ಶಮೀಮ್ ಅಖ್ತರ್ ಅವರ ಪೀಠ ಸಂಪುಟದ ತೀರ್ಮಾನವನ್ನು ರದ್ದು ಮಾಡಿತು.

ಸರಕಾರದ ಆಸೆಯನ್ನು ನಾನು ಅಪಹಾಸ್ಯ ಮಾಡುವುದಿಲ್ಲ. ಹೊಸ ರಾಜ್ಯಕ್ಕೆ ತನ್ನದೇ ಆದ ಸಭಾಭವನ ಬೇಕು ಅನ್ನಿಸುವುದು ಸಹಜ. ಆದರೆ ಉತ್ತರ ಅವರ ಕಣ್ಣೆದುರೇ ಇತ್ತು. ಈಗಿನ ವಿಧಾನಸಭೆ ಕೂರುವುದು 1913ರಲ್ಲಿ ಮುಗಿದ ಟೌನ್ ಹಾಲಿನ ಆವರಣದಲ್ಲಿ. ಅದೂ ನಿಜಾಮನ ಕಾಲದ ಕಟ್ಟಡವೇ. ದಿನಾ ಬಳಸಿದ್ದಕ್ಕೆ, ದಿನಾ ನೋಡಿಕೊಂಡಿದ್ದಕ್ಕೆ ಬಿಳಿ ಗುಮ್ಮಟಗಳು ಇಂದಿಗೂ ಫಳಫಳ ಎನ್ನುತ್ತವೆ. ಒಂದು ಕಾಲದ ಎರಡು ಕಟ್ಟಡಗಳಲ್ಲಿ ಒಂದು ಹೊಳೆಯುತ್ತದೆ, ಇನ್ನೊಂದು ಉದುರುತ್ತದೆ ಎಂದರೆ ದೋಷ ಸುಣ್ಣ-ಗಾರೆಯದಲ್ಲ.

ಕೋರ್ಟು ಕೆಡವುವುದನ್ನು ತಡೆಯಬಲ್ಲದು, ಸೋರುವ ಮಾಳಿಗೆಯ ಮೇಲೆ ಹತ್ತಿ ಸಸಿ ಕೀಳಲಾರದು. ಉಳಿದ ಮೇಲೆ ಏನು ಎನ್ನುವುದೇ ಈಗಿನ ಪ್ರಶ್ನೆ. ಎರಡು ಮಾದರಿಗಳು ಈ ಊರಲ್ಲೇ ಇವೆ. ಫಲಕ್‌ನುಮಾ 2010ರಿಂದ ತಾಜ್ ಹೋಟೆಲು. ಕಟ್ಟಡ ಚೆನ್ನಾಗಿ ಉಳಿದಿದೆ, ಸಂಶಯವಿಲ್ಲ. ಆದರೆ ಒಂದು ಚಹಾದ ಬಿಲ್ಲು ನಮ್ಮ ಹಳ್ಳಿಯ ಒಬ್ಬ ಆಳಿನ ಎಷ್ಟು ದಿನದ ಕೂಲಿ ಎಂದು ಲೆಕ್ಕ ಹಾಕಿದರೆ ದೇವಡಿಯ ಬಾಗಿಲು ಮತ್ತೆ ಮುಚ್ಚಿದೆ ಅನ್ನಿಸುತ್ತದೆ. ಚೌಮಹಲ್ಲಾ ಟಿಕೆಟು ಕೊಂಡು ನೋಡುವ ವಸ್ತುಸಂಗ್ರಹಾಲಯ, ಎಲ್ಲರಿಗೂ ತೆರೆದಿದೆ. ಅಲ್ಲಿ ಝೂಮರುಗಳು, ಮೋಟಾರು ಕಾರುಗಳು, ಉಡುಪುಗಳು. ಜಹಗೀರಿನ ಲೆಕ್ಕದ ಪುಸ್ತಕಕ್ಕೆ ಆ ಮಟ್ಟದ ಜಾಗ ಸಿಕ್ಕಿಲ್ಲ.

ಇರಂ ಮಂಜಿಲ್ ಸರಕಾರದ ಆಸ್ತಿ. ಆದ್ದರಿಂದ ಇಲ್ಲಿ ಮೂರನೆಯದನ್ನು ಕೇಳುವ ಹಕ್ಕು ಜನರಿಗಿದೆ. ತಾರ್ನಾಕಾದ ರಾಜ್ಯ ಪತ್ರಾಗಾರದಲ್ಲಿ ನಿಜಾಮನ ಕಾಲದ ಫಾರಸಿ, ಉರ್ದು ಕಾಗದಗಳ ದೊಡ್ಡ ರಾಶಿ ಇದೆ. ನಮ್ಮ ಮೂರು ಜಿಲ್ಲೆಗಳ ಚರಿತ್ರೆ ಬರೆಯುವವರು ಇಂದಿಗೂ ಅಲ್ಲಿಗೇ ಬರಬೇಕು. ಈ ಮನೆಯ ಒಂದು ಭಾಗದಲ್ಲಿ ಆ ಕಾಗದಗಳ ನಕಲು ಇಟ್ಟು, ತೆಲುಗು, ಮರಾಠಿ, ಕನ್ನಡ ಬಲ್ಲವರಿಗೆ ಓದಿ ಹೇಳುವ ವ್ಯವಸ್ಥೆ ಮಾಡಬಹುದು. ಇನ್ನೊಂದು ಭಾಗದಲ್ಲಿ ಸುಣ್ಣ ಅರೆದು ಗಾರೆ ಮಾಡುವ ಕೆಲಸ ಕಲಿಸುವ ಶಾಲೆ ನಡೆಸಬಹುದು. ಕಲಿಯುವವರ ಕೈಯಿಂದಲೇ ಗೋಡೆ ದುರಸ್ತಿಯಾಗುತ್ತದೆ. ಇಂಜಿನಿಯರರ ಕಚೇರಿಯ ಒಂದು ಕೋಣೆಯನ್ನು ಕಡತ, ಮೇಜು, ನಕ್ಷೆಯ ಸಮೇತ ಹಾಗೆಯೇ ಬಿಟ್ಟರೆ ಆ ಅಧ್ಯಾಯವೂ ಉಳಿಯುತ್ತದೆ. ಇದೆಲ್ಲ ವಿಧಾನಸಭೆ ಕಟ್ಟುವಷ್ಟು ಖರ್ಚಿನ ಬಾಬತ್ತಲ್ಲ.

‘ಇದು ಅವರ ಊರಿನ ವಿಷಯ, ನಮಗೇಕೆ?’ ಎಂದು ನಮ್ಮಲ್ಲಿ ಹಲವರು ಹೇಳುವುದನ್ನು ಕೇಳಿದ್ದೇನೆ. ಬೆಂಗಳೂರಿನಲ್ಲಿ ಒಂದು ಹಳೆಯ ಬಂಗಲೆ ಬಿದ್ದರೆ ವಾಟ್ಸಾಪಿನಲ್ಲಿ ಕಣ್ಣೀರು ಹರಿಸುವವರೂ ಇಲ್ಲಿ ಬಾಡಿಗೆದಾರರಂತೆ ಇರುತ್ತಾರೆ. ಬೇರೆ ಊರಿನಿಂದ ಬಂದವರಿಗೆ ಅದು ಸರಿ ಇರಬಹುದು. ಕಲಬುರಗಿ, ಬೀದರ್, ರಾಯಚೂರಿನಿಂದ ಬಂದ ನಮಗೆ ಸಲ್ಲದು. ನಮ್ಮ ಹಿರಿಯರು ಈ ಊರಿಗೆ ವಲಸೆ ಬಂದವರಾಗಿರಲಿಲ್ಲ. ಅವರು ಬಂದದ್ದು ತಮ್ಮ ರಾಜಧಾನಿಗೆ. ತಕರಾರು ಅರ್ಜಿ ಹಿಡಿದು ಬಂದರು, ಓದಲು ಬಂದರು, ಹೋರಾಡಿ ಜೈಲಿಗೆ ಹೋಗಲೂ ಬಂದರು. ಅವರು ತೆತ್ತ ಕಂದಾಯದ ಒಂದು ಕಂತು ಈ ಊರಿನ ಬಂಗಲೆಗಳ ಗೋಡೆಗಳಲ್ಲಿದೆ. ಇರಂ ಮಂಜಿಲ್ ಉಳಿಯಬೇಕು ಎಂದು ನಾನು ಹೇಳುವುದು ನವಾಬನ ಮೇಲಿನ ಗೌರವದಿಂದ ಅಲ್ಲ, ನಮ್ಮ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಎಂಬ ಕಾರಣಕ್ಕೆ.